‘ಆರಾಮ್ ಅದೀರೇನ್ರಿ?’ ಅಂದಮೇಲೆ

“ಗಂಡ ಸತ್ತಾನೋ, ಬಿಟ್ಟಾನೋ?”

ಸುರಪುರದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯೊಡತಿ ಶಾಂತಮ್ಮ ನನ್ನನ್ನು ಕೇಳಿದ ಮೊದಲ ಮಾತು ಇದು. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಶಹಾಪುರದಲ್ಲಿ ಬಸ್ಸು ಬದಲಿಸಿ, ಬಿಸಿಲಿಗೆ ಮುಖ ಕೆಂಪಾಗಿ ನಿಂತಿದ್ದೆ. ನಮ್ಮ ಮೈಸೂರಿನಲ್ಲಾದರೆ ಇಂಥ ಪ್ರಶ್ನೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ನಗುನಗುತ್ತಾ ಕಾಫಿ ಕೊಟ್ಟು, ಆಮೇಲೆ ಪಕ್ಕದ ಮನೆಯವರ ಹತ್ತಿರ ವಿಚಾರಿಸುತ್ತಾರೆ. ಮದುವೆಯೇ ಆಗಿಲ್ಲ ಅಂದೆ. “ಹಂಗಾರ ಚಲೋ ಆತು ಬಿಡು. ಒಳಗ ಬಾ, ರೊಟ್ಟಿ ತಿನ್ನು” ಅಂದರು. ಬಾಡಿಗೆಯ ಮಾತು ರೊಟ್ಟಿ ಮುಗಿದ ಮೇಲೆ ಬಂತು.

ಮೊದಲ ಕೆಲವು ವಾರ ಊರಿಗೆ ಊರೇ ನನ್ನ ಮೇಲೆ ಜಗಳಕ್ಕೆ ನಿಂತಿದೆ ಅನ್ನಿಸುತ್ತಿತ್ತು. ಬಸ್ಸಿನವನು “ಹತ್ತು, ಇಲ್ಲಾ ಆ ಕಡೆ ಸರಿ” ಅನ್ನುತ್ತಾನೆ. ತರಕಾರಿಯವಳು “ತಗೋತಿ ಏನ್ ಬರೇ ಹಿಚುಕ್ತಿ?” ಅನ್ನುತ್ತಾಳೆ. ಕೋಣೆಗೆ ಬಂದು ಅತ್ತದ್ದೂ ಉಂಟು. ಅದೇ ತರಕಾರಿಯವಳು ನನಗೆ ಜ್ವರ ಬಂದಾಗ ಪುಂಡಿಪಲ್ಲೆ ಮಾಡಿಕೊಂಡು ಬಾಗಿಲಿಗೆ ಬಂದು, ಬೈದು, ತಿನ್ನಿಸಿ ಹೋದಳು. ಹುಳಿಹುಳಿಯಾದ ಸೊಪ್ಪು ಅದು. ಈಗ ವಾರಕ್ಕೊಮ್ಮೆ ಸಿಗದಿದ್ದರೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ನನ್ನ ಕೆಲಸ ಪ್ರಾಡಕ್ಟ್ ಮ್ಯಾನೇಜರ್. ಕೋಡ್ ಬರೆಯುವುದು ನಾನಲ್ಲ, ಮಾರುವುದೂ ನಾನಲ್ಲ. ಏನು ಮಾಡಬೇಕು, ಯಾಕೆ ಮಾಡಬೇಕು, ಯಾವುದು ಬೇಡ ಅಂತ ತೀರ್ಮಾನಿಸುವುದು. ಶಾಂತಮ್ಮನಿಗೆ ಇಷ್ಟನ್ನು ವಿವರಿಸಿದಾಗ, “ಅಂದ್ರ ನೀ ಕೆಲಸ ಮಾಡಂಗಿಲ್ಲ, ಮಂದಿ ಕೈಲೆ ಮಾಡಸ್ತಿ” ಅಂದರು. ಅವರು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ನಗು ಬಂತು, ಕೋಪವೂ ಬಂತು.

ಬೆಂಗಳೂರಿನ ನಮ್ಮ ಕಂಪನಿ ನನ್ನನ್ನು ಇಲ್ಲಿಗೆ ಕಳಿಸಿದ್ದು ಒಂದು ಫೋನ್ ಸೇವೆಗಾಗಿ. ಮೇಲಿನ ಅಣೆಕಟ್ಟಿನಿಂದ ಕೃಷ್ಣೆಗೆ ನೀರು ಬಿಟ್ಟರೆ ತಿಂಥಣಿ ಕಡೆಯ ದಂಡೆಯ ಊರುಗಳಿಗೆ ಮೊದಲೇ ಕರೆ ಹೋಗಬೇಕು. ದಂಡೆಯಲ್ಲಿ ರೈತರ ನೀರೆತ್ತುವ ಮೋಟಾರುಗಳಿರುತ್ತವೆ, ಮೀನುಗಾರರ ಬಲೆಗಳಿರುತ್ತವೆ, ದನ ನೀರಿಗಿಳಿದಿರುತ್ತವೆ. ಬೆಂಗಳೂರಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ನಮ್ಮ ಮೊದಲ ಕರೆ “ಮಾನ್ಯ ಗ್ರಾಹಕರೇ” ಅಂತ ಶುರುವಾಗುತ್ತಿತ್ತು. ಸಾಲ ಕೊಡುವವರ ಫೋನು ಅಂತ ಜನ ಪಟಕ್ಕನೆ ಕಟ್ ಮಾಡುತ್ತಿದ್ದರು. ನೀರು ಮಾತ್ರ ಬರುತ್ತಲೇ ಇತ್ತು.

ಹೊಸ ಧ್ವನಿಗೆ ನಾನು ಶಾಂತಮ್ಮನ ಮಗಳು ಕಸ್ತೂರಿಯನ್ನು ಹಿಡಿದೆ. ನನಗಿಂತ ಚಿಕ್ಕವಳು, ಪಡಸಾಲೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು, ಗಂಟಲು ಎಂಥದು ಅಂತೀರಿ! ಹೊಲಿಗೆ ಮಷೀನು ನಿಲ್ಲಿಸಿ, ನನ್ನ ಮೊಬೈಲನ್ನು ಮುಖದ ಮುಂದೆ ಹಿಡಿದು, “ಆರಾಮ್ ಅದೀರೇನ್ರಿ?” ಅಂದಳು. ಅಂದು ಸುಮ್ಮನಾದಳು. ನಾನು ಕೈಸನ್ನೆ ಮಾಡಿದೆ, ಮುಂದಕ್ಕೆ ಹೇಳು ಅಂತ. ಅವಳು ತಲೆಯಾಡಿಸಿ ಒಂದಿಷ್ಟು ಕಾದು, ಆಮೇಲೆ, “ಹೊಳಿಗೆ ನೀರು ಬಿಡಾಕತ್ತಾರ. ಮೋಟಾರ್ ಮ್ಯಾಲ ತಗೋರಿ. ದನ ಹೊಳ್ಯಾಗ ಬಿಡಬ್ಯಾಡ್ರಿ” ಅಂದಳು.

“ಯಾಕೆ ನಿಂತೆ?”

“ಅವ್ರು ಹೇಳಬೇಕಲ್ರೀ ಅಕ್ಕಾರ, ಆರಾಮ್ ಅದೀವಿ ಅಂತ!”

“ಇದು ರೆಕಾರ್ಡಿಂಗ್ ಕಣೇ. ಆ ಕಡೆ ಯಾರೂ ಇಲ್ಲ.”

ಅವಳಿಗೆ ತನ್ನ ತಪ್ಪು ಹೊಳೆದು, ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. ಮತ್ತೆ ಮಾಡಿಸಿದೆ, ಮತ್ತೆ ನಿಂತಳು. ಕೇಳಿದ ಮೇಲೆ ಕಾಯದೆ ಇರಲು ಅವಳ ಕೈಲಿ ಆಗಲೇ ಇಲ್ಲ. ಹೋಗಲಿ, ಹೀಗೇ ಕಳಿಸಿ ನೋಡೋಣ ಅಂದುಕೊಂಡೆ. ಬೆಂಗಳೂರಿನ ಎಂಜಿನಿಯರ್ ಹುಡುಗ ಅದನ್ನು ದೋಷ ಅಂತ ಗುರುತು ಹಾಕಿದ. ನಡುವಿನ ಮೌನ ಕತ್ತರಿಸಬೇಕಂತೆ. ಬೇಡ ಅಂದೆ.

ಮುಂದಿನ ಸಲ ನೀರು ಬಿಟ್ಟಾಗ ನಾನು ತಿಂಥಣಿಯ ದಂಡೆಯಲ್ಲೇ ಇದ್ದೆ. ಒಬ್ಬ ರೈತ ಫೋನು ಕಿವಿಗಿಟ್ಟು, “ಹ್ಞೂಂ ಯವ್ವಾ, ಆರಾಮ್ ಅದೀವಿ, ನೀವು ಆರಾಮ್?” ಅಂದ. ಅಂದು, ಮುಂದಿನ ಮಾತು ಕೇಳಿಸಿಕೊಂಡು, ಮೋಟಾರಿನ ಕಡೆ ಓಡಿದ. ನನಗೆ ಕುಣಿಯಬೇಕು ಅನ್ನಿಸಿತು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ನಾವು ಬಳಕೆದಾರರ ಸಮಯ ಉಳಿಸುವುದೇ ದೊಡ್ಡ ಕೆಲಸ ಅಂತ ಕಲಿತಿದ್ದೆವು. ಇಲ್ಲಿ ಸ್ವಲ್ಪ ಸಮಯ ಕೊಟ್ಟರೆ ಮಾತ್ರ ಜನ ನಂಬುತ್ತಾರೆ ಅಂತ ಗೊತ್ತಾಯಿತು. ಕಸ್ತೂರಿ ತನ್ನ ತಾಯಿಯ ನಂಬರನ್ನೂ ಪಟ್ಟಿಗೆ ಸೇರಿಸಲು ಹಟ ಹಿಡಿದಳು. “ನಮಗ ಮೋಟಾರಿಲ್ಲ, ದನ ಇಲ್ಲ, ಖರೇ. ನಮ್ಮವ್ವ ನನ್ ಧ್ವನಿ ಕೇಳ್ಲಿ, ಹಾಕ್ರಿ” ಅಂದಳು. ಹಾಕಿದೆ.

ಆ ವರ್ಷ ಮಳೆಗಾಲ ಮುಗಿಯುವ ಮೊದಲು ಕಸ್ತೂರಿಗೆ ಕಾಮಣಿ ಆಯಿತು. ನಮ್ಮ ಕಡೆ ಕಾಮಾಲೆ ಅನ್ನುತ್ತೇವೆ. ಕಣ್ಣು ಹಳದಿಯಾಗಿತ್ತು, ಆದರೂ ಹೊಲಿಯುತ್ತಿದ್ದಳು. ಶಹಾಪುರಕ್ಕೆ ಕರೆದುಕೊಂಡು ಹೋದೆವು, ಅಲ್ಲಿಂದ ಕಲಬುರಗಿಗೆ. ಅವಳು ತಿರುಗಿ ಬರಲಿಲ್ಲ. ನನಗೆ ಈ ಊರಿನಲ್ಲಿ ಇದ್ದ ಒಬ್ಬಳೇ ಗೆಳತಿ ಅವಳು. ಆ ಪಡಸಾಲೆ ದಾಟಿ ನನ್ನ ಕೋಣೆಗೆ ಹೋಗುವಾಗಲೆಲ್ಲ ಹೊಲಿಗೆ ಮಷೀನಿನ ಕಡೆ ನೋಡದೆ ನಡೆಯುತ್ತಿದ್ದೆ, ಈಗಲೂ ಹಾಗೇ.

ಹೊಳೆಗೆ ಮತ್ತೆ ನೀರು ಬಿಟ್ಟರು. ಶಾಂತಮ್ಮ ರೊಟ್ಟಿ ಬಡಿಯುತ್ತಿದ್ದರು, ಫೋನು ಬಂತು, ಸ್ಪೀಕರ್ ಹಾಕಿದರು. “ಆರಾಮ್ ಅದೀರೇನ್ರಿ?” ಅವರ ನಂಬರ್ ತೆಗೆಸಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಶಾಂತಮ್ಮ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಏನೋ ಹೇಳಲು ಶುರುಮಾಡಿದರು, ಅಷ್ಟರಲ್ಲಿ ಕಸ್ತೂರಿ ಹೊಳೆಯ ಸುದ್ದಿ ಹೇಳಿ ಮುಗಿಸಿದಳು. ನಂಬರ್ ತೆಗೆಸುತ್ತೇನೆ ಅಮ್ಮ ಅಂದೆ.

“ತಗಸಬ್ಯಾಡ. ನಾ ಒಂದ್ ಮಾತು ಕೇಳ್ಲೇನವ್ವ?” ಅಂದರು. “ಆಕಿ ಆರಾಮ್ ಅದೀಯೇನ್ ಅಂತ ಕೇಳ್ತಾಳ. ನಾ ಹೇಳಿ ಮುಗಸೂದ್ರಾಗ ಹೊಳಿ ಮಾತು ತಗೀತಾಳ. ಆಕಿನ್ನ ಒಂಚೂರು ತಡ್ಯಾಕ ಹಚ್ಚಾಕ ಬರ್ತದೇನು?”

ಒಬ್ಬರಿಗೋಸ್ಕರ ಪ್ರಾಡಕ್ಟ್ ಬದಲಿಸಬಾರದು. ನಮ್ಮ ಕಸುಬಿನಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುವುದೇ ಇದು, ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಅದೇ ಎಂಜಿನಿಯರ್ ಹುಡುಗನಿಗೆ ಫೋನು ಮಾಡಿ, ಈ ಒಂದು ನಂಬರಿಗೆ ಮಾತ್ರ ಮೌನ ಉದ್ದ ಮಾಡು ಅಂದೆ. ಯಾಕೆ ಅಂತ ಕೇಳಿದ. ಹೇಳಿದೆ. ಅವನು ಮಾಡಿಕೊಟ್ಟ.

ಆಮೇಲಿನ ಕರೆಯಲ್ಲಿ ಶಾಂತಮ್ಮ ಎಲ್ಲ ಹೇಳಿದರು. ಮೊಣಕಾಲು ನೋವು, ಶಾಲೆಯಲ್ಲಿ ಬೇಳೆ ಬೇಯದ್ದು, ನಾನು ಸರಿಯಾಗಿ ಉಣ್ಣದ್ದು. ಕಸ್ತೂರಿ ಪೂರಾ ಕೇಳಿಸಿಕೊಂಡವಳ ಹಾಗೆ ತಡೆದು, ಮೋಟಾರ್ ಮೇಲೆ ತಗೊಳ್ಳಿ ಅಂದಳು. “ತಗೋತೀನವ್ವ” ಅಂದರು ಶಾಂತಮ್ಮ, ಇಲ್ಲದ ಮೋಟಾರನ್ನು.

ಈ ವರ್ಷ ಕಂಪನಿ ಎಲ್ಲ ಹೊಳೆಗಳಿಗೂ ಒಂದೇ ಧ್ವನಿ ಅಂತ ತೀರ್ಮಾನಿಸಿತು, ಕಂಪ್ಯೂಟರ್ ಹುಟ್ಟಿಸಿದ ಧ್ವನಿ. ತೀರಿಹೋದವರ ಧ್ವನಿ ಬಳಸುವುದು ಸರಿಯಲ್ಲ ಅಂದರು ಕಾನೂನಿನವರು. ನನ್ನ ಮೇಲಿನವರ ಜೊತೆ ಜಗಳವಾಡಿದೆ, ಸುರಪುರದ ಜಗಳ, ಮೈಸೂರಿನದಲ್ಲ. ಅವರು ಸಮಾಧಾನದಿಂದ, “ನನ್ನ ಜಾಗದಲ್ಲಿದ್ದರೆ ನೀನೇನು ಮಾಡುತ್ತಿದ್ದೆ?” ಅಂತ ಕೇಳಿದರು. ಅವರು ಮಾಡಿದ್ದನ್ನೇ. ಅದಕ್ಕೇ ಇನ್ನೂ ಸಂಕಟ. ಕೊನೆಗೆ ನನಗೆ ದಕ್ಕಿದ್ದು ಇಷ್ಟೇ: ಹೊಸ ಧ್ವನಿಯೂ ಮೊದಲು ಕ್ಷೇಮ ಕೇಳುತ್ತದೆ, ಕೇಳಿ ಕಾಯುತ್ತದೆ, ಎಲ್ಲರಿಗೂ ಒಂದೇ ಅಳತೆ. ನಮ್ಮ ಕಸುಬಿನಲ್ಲಿ ಇದನ್ನು ಗೆಲುವು ಅನ್ನುತ್ತಾರೆ.

ನನ್ನನ್ನು ಬೆಂಗಳೂರಿಗೆ ವಾಪಸು ಕರೆದಿದ್ದಾರೆ. ಅಮ್ಮ ಮೈಸೂರಿನಿಂದ ದಿನಾ ಫೋನು ಮಾಡಿ ಯಾವಾಗ ಬರ್ತೀಯ ಅನ್ನುತ್ತಾಳೆ. ನನ್ನ ಮಾತು ಒರಟಾಗಿದೆಯಂತೆ. ಇಲ್ಲಿಯವರು ನಾನು ಇನ್ನೂ ರಾಗ ಎಳೆಯುತ್ತೇನೆ ಅಂತ ನಗುತ್ತಾರೆ.

ಹೋದ ವಾರ ಹೊಳೆಗೆ ನೀರು ಬಿಟ್ಟರು. ಶಾಂತಮ್ಮನ ಫೋನಿಗೆ ಕರೆ ಬಂತು. ಹೊಸ ಧ್ವನಿ, ತಿದ್ದಿ ತೀಡಿದ, ನಮ್ಮ ಕಡೆಯ ಕನ್ನಡ: “ಚೆನ್ನಾಗಿದ್ದೀರಾ?”

ಶಾಂತಮ್ಮ ಕೇಳಿಸಿಕೊಂಡರು. ಫೋನನ್ನು ಕಿವಿಯಿಂದ ತೆಗೆದು ನನ್ನ ಕೈಗಿಟ್ಟರು.

“ನಿಮ್ಮ ಕಡೀದಾಕಿ ಅದಾಳವ್ವ. ನಿನ್ನ ಕೇಳಾಕತ್ತಾಳ. ನೀನ ಹೇಳು.”

ಕಿವಿಗಿಟ್ಟುಕೊಂಡೆ. ಅದು ಕಾಯುತ್ತಿತ್ತು. ಚೆನ್ನಾಗಿದ್ದೀನಿ ಅನ್ನಲೋ, ಆರಾಮ್ ಅದೀನ್ರಿ ಅನ್ನಲೋ ತಿಳಿಯದೆ ಬಾಯಿ ತೆರೆಯುವಷ್ಟರಲ್ಲಿ ಹೊಳೆಯ ಮಾತು ಶುರುವಾಯಿತು.