ಎರಡೂ ಕೈ ಮೇಲೆ

ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಆ ಸಲದ ಜೋಳದಲ್ಲಿ ಹರಳು ಬಹಳ. ಮಗಳ ಗೆಳತಿ ಶಾಲೆಯಿಂದ ಓಡಿ ಬಂದು ಹೊಸ್ತಿಲ ಆಚೆಯೇ ನಿಂತಳು.

"ಕಾಕೂ, ಆಕೀನ್ನ ಸೆಂಟರ್‌ದಿಂದ ತಗಿತಾರಂತ್ರಿ! ಒಂದ ಕೈಲೆ ಆಡ್ತಾಳ, ಬಾದಾಮಿ ಮ್ಯಾಚಿನೊಳಗ ಸುಧಾರಸಲಿಲ್ಲಂದ್ರ ಬ್ಯಾರೇದಾಕೀನ್ನ ನಿಲ್ಲಸ್ತೇನಿ ಅಂದ್ರು ಅಕ್ಕೋರು."

ಅಕ್ಕೋರು ಅಂದರೆ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಕಲಿಸುವ ಟೀಚರು. ನಾನು ಮೊರವನ್ನು ಕೆಳಗಿಟ್ಟೆ. ಎಂಬತ್ತರ ದಶಕದ ಮೊದಲ ವರ್ಷಗಳು. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗಳಷ್ಟು ಎತ್ತರದ ಹುಡುಗಿ ಮತ್ತೊಬ್ಬಳಿರಲಿಲ್ಲ. "ಈಕಿಗೆ ತಾಳಿ ಕಟ್ಟಾಕ ವರಗ ನಿಚ್ಚಣಿಕಿ ಕೊಡಬೇಕಾಕ್ಕತಿ" ಎಂದು ನಮ್ಮ ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಹುಡುಗಿ ಬೆನ್ನು ಬಾಗಿಸಿ, ಹೆಗಲು ಮುದುಡಿಕೊಂಡು ನಡೆಯುವುದನ್ನು ಕಲಿತಿದ್ದಳು. ಬಾಸ್ಕೆಟ್‌ಬಾಲ್ ಕಂಬದ ಕೆಳಗೆ ನಿಂತ ಮೇಲೆಯೇ ಆ ಬೆನ್ನು ನೆಟ್ಟಗಾದದ್ದು. ಅವಳ ಎತ್ತರ ಬೇಕಾಗಿದ್ದ ಜಾಗ ಈ ಊರಲ್ಲಿ ಅದೊಂದೇ. ಅದೂ ಹೋದರೆ ಮತ್ತೆ ಬಾಗುತ್ತಾಳಲ್ಲ ಎಂದುಕೊಂಡೆ.

ಸಂಜೆ ಮಗಳು ಬಂದು ಹಿತ್ತಲಿನ ಕಲ್ಲಿನ ಮೇಲೆ ಕುಳಿತಳು. ಚಹಾ ಮುಟ್ಟಲಿಲ್ಲ.

"ಒಂದ ಕೈಲೆ ಯಾಕ ಆಡ್ತಿ?"

"ನನಗೇನ ಗೊತ್ತವ್ವಾ. ಯಾರರ ನೂಕಿದ್ರ ಎಡಗೈ ತಾನ ಇಳಿತೈತಿ."

ಸೆಂಟರ್ ಆದವಳು ಬುಟ್ಟಿಯ ಹತ್ತಿರ, ಬುಟ್ಟಿಗೆ ಬೆನ್ನು ಮಾಡಿ ನಿಲ್ಲಬೇಕಂತೆ. ಹಿಂದಿನಿಂದ ಎದುರಿನ ತಂಡದವಳು ಮೈಭಾರ ಹಾಕಿ ಒತ್ತುತ್ತಲೇ ಇರುತ್ತಾಳೆ. ಮೊಳಕಾಲು ಬಗ್ಗಿಸಿ, ಕಾಲು ಅಗಲಿಸಿ, ಜಾಗ ಬಿಡದೆ, ಎರಡೂ ಕೈ ಮೇಲೆತ್ತಿ ಚೆಂಡು ಕರೆಯಬೇಕು. ಹಿಡಿದದ್ದನ್ನು ಎದೆಯ ತನಕ ಇಳಿಸಿದರೆ ಗಿಡ್ಡ ಹುಡುಗಿಯರು ಕಸಿಯುತ್ತಾರೆ. ತಲೆಯ ಮೇಲೆಯೇ ಹಿಡಿದು, ಒತ್ತುವವಳು ಯಾವ ಕಡೆಗಿದ್ದಾಳೆ ಎಂದು ಬೆನ್ನಿನಿಂದಲೇ ತಿಳಿದು, ಇನ್ನೊಂದು ಕಡೆ ತಿರುಗಿ ಬುಟ್ಟಿಗೆ ಹಾಕಬೇಕು.

"ನೀ ಹಿಂದ ನಿಂತು ನೂಕವ್ವಾ, ನೋಡೋಣು," ಎಂದಳು.

ನಸುಕಿನಲ್ಲಿ ಎದ್ದ ಮೈ ನನ್ನದು. ನೂಕುವ ಕಸುವು ಎಲ್ಲಿಂದ ಬರಬೇಕು? ಸೆರಗು ಸಿಕ್ಕಿಸಿಕೊಂಡು ಅವಳ ಬೆನ್ನಿಗೆ ಮೊಳಕೈ ಆನಿಸಿ ಸುಮ್ಮನೆ ಭಾರ ಬಿಟ್ಟೆ. ದಿನವೆಲ್ಲ ದುಡಿದವಳಿಗೆ ಒರಗಲು ಒಂದು ಬೆನ್ನು ಸಿಕ್ಕಿತಲ್ಲ, ಶಿವನ ದಯೆ ಎಂದುಕೊಂಡೆ. ಅಷ್ಟರಲ್ಲಿ ಅವಳ ಎಡಗೈ ಸರಕ್ಕನೆ ಇಳಿದು ಎದೆಯ ಮೇಲೆ ಬಂತು. ಮತ್ತೊಮ್ಮೆ ಒತ್ತಿದೆ. ಮತ್ತೆ ಅಲ್ಲಿಗೇ ಬಂತು.

ನನಗೆ ತಿಳಿಯಿತು. ಆ ಕೈ ಅಂಗಿಯೊಳಗಿನ ಲಿಂಗವನ್ನು ಕಾಯುತ್ತಿತ್ತು. ದೀಕ್ಷೆಯಾಗಿ ಕೊರಳಿಗೆ ಲಿಂಗ ಬಂದಾಗ ಅವಳಿನ್ನೂ ಸಣ್ಣವಳು. ಓಡುವಾಗ, ಬೀಳುವಾಗ, ಬಾವಿಯ ಕಟ್ಟೆಗೆ ಬಗ್ಗುವಾಗ, "ಕೈ ಅಡ್ಡ ಹಿಡಿ, ಲಿಂಗಕ್ಕ ಪೆಟ್ಟ ಬಡಿಸಬ್ಯಾಡ" ಎಂದು ಹೇಳಿ ಹೇಳಿ ಬೆಳೆಸಿದವಳು ನಾನೇ. ಕೈ ಆ ಮಾತನ್ನು ಮರೆತಿರಲಿಲ್ಲ.

"ಕೊಳ್ಳಾಗ ಏನೂ ಇರಬಾರ್ದು ಅಂದಾರವ್ವಾ ಅಕ್ಕೋರು. ನಾ ಮುಚ್ಚಿಟಗೊಂಡ ಆಡ್ತೇನಿ," ಎಂದು ತಗ್ಗಿದ ದನಿಯಲ್ಲಿ ಹೇಳಿದಳು. "ತಗದಿಟ್ಟ ಆಡ್ಲೇನು?"

ತೆಗೆ ಎನ್ನಲು ಬಾಯಿ ಬರಲಿಲ್ಲ. ಪೂಜೆಗೆ ಅಂಗೈ ಮೇಲೆ ತಂದಾಗ ಬಿಟ್ಟರೆ ಮೈಯಿಂದ ಅಗಲದ ವಸ್ತು ಅದು. ಆಟ ಬಿಡು ಎನ್ನಲೂ ಆಗಲಿಲ್ಲ. ಮರುದಿನ ಪೂಜೆಗೆ ಕುಳಿತು ದಾರಿ ತೋರಿಸೆಂದು ಕೇಳಿಕೊಂಡೆ. ಏನೂ ಹೊಳೆಯಲಿಲ್ಲ. ರೊಟ್ಟಿಗೆ ಹೊತ್ತಾಗಿತ್ತು, ಎದ್ದೆ.

ಮಧ್ಯಾಹ್ನ ಅತ್ತೆಯವರ ಮೊಳಕಾಲಿಗೆ ಎಣ್ಣೆ ತಿಕ್ಕುವಾಗ ಏನಾಯಿತೆಂದು ಅವರೇ ಕೇಳಿದರು. ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೇಳಿದೆ.

"ಅಯ್ಯ, ಇಷ್ಟಕ್ಕ ಅವ್ವಾ ಮಗಳು ಮಾರಿ ಇಳಿಬಿಟ್ಟೀರೇನ?" ಎಂದರು ಅತ್ತೆ. "ಗುಡೂರ ಹೊಲದಾಗ ಜ್ವಾಳಾ ಕೊಯ್ಯಾಗ ಬಗ್ಗಿದ್ರ ಲಿಂಗಾ ಹೋಗಿ ದಂಟಿಗೆ ಬಡಿತಿತ್ತು. ನಾವು ಹೆಣಮಕ್ಕಳೆಲ್ಲಾ ಅರಿವ್ಯಾಗ ಸುತ್ತಿ ಎಡಗಂಕಳಾಗ ಬಿಗದ ಕಟಗೋತಿದ್ವಿ. ಕೊಳ್ಳಾಗಿದ್ರೇನು, ಕಂಕಳಾಗಿದ್ರೇನು, ಮೈಮ್ಯಾಲ ಐತಿಲ್ಲೋ? ಶಿವಾ ಏನ ಸಿಟ್ಟಾಗ್ಲಿಲ್ಲ, ನಿನ್ನ ಗಂಡನ್ನ ಹಡದೇನಿ."

ಹಳೆಯ ಮೆತ್ತನೆಯ ಧೋತರ ಹರಿದು, ಹತ್ತಿ ತುಂಬಿ, ಎದೆ ಸುತ್ತಿ ಹೆಗಲ ಮೇಲೆ ಹಾಯುವ ಹಾಗೆ ಪಟ್ಟಿ ಹೊಲಿದೆ. ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಪಟ್ಟಿಯೊಳಗಿಟ್ಟು ಮಗಳ ಎಡಗಂಕುಳಿಗೆ ಬರುವ ಹಾಗೆ ಕಟ್ಟಿದೆ. ಕದ್ದು ಆಡುವುದು ಬೇಡವೆಂದು ನಾನೇ ಶಾಲೆಗೆ ಹೋಗಿ ಅಕ್ಕೋರಿಗೆ ತೋರಿಸಿದೆ. ಅವರು ಮುಟ್ಟಿ ನೋಡಿದರು.

"ಮೆತ್ತಗೈತ್ರಿ, ಯಾರಿಗೂ ಚುಚ್ಚೂದಿಲ್ಲ, ಆಡ್ಲಿ. ಆದ್ರ ಆ ಕೈ ಇಳೀತಂದ್ರ ನಾ ಕೇಳೂದಿಲ್ಲ ನೋಡ್ರಿ."

ಕೈ ಇಳಿಯುತ್ತಲೇ ಇತ್ತು. ಎದೆಯ ಮೇಲೆ ಏನೂ ಇಲ್ಲದಿದ್ದರೂ ಹೋಗಿ ಅಲ್ಲಿಯೇ ಕೂರುತ್ತಿತ್ತು. ದಿನಾ ಸಂಜೆ ಪಾತ್ರೆ ತಿಕ್ಕಿದ ಮೇಲೆ ಹಿತ್ತಲಲ್ಲಿ ನಾನು ಒರಗುವುದು, ಅವಳು ತಡೆಯುವುದು. ಮನೆಯಲ್ಲಿ ಚೆಂಡೆಲ್ಲಿಂದ ಬರಬೇಕು? ಒಂದು ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿಸಿದೆ. ಒಂದು ಕೈ ಬಿಟ್ಟರೆ ಕಾಯಿ ಕೆಳಗೆ. ಮೊದಲ ಸಂಜೆಯೇ ಬಿದ್ದು ಸೀಳಿತು.

"ಆಟಾ ಮುಗೀತಿಲ್ಲೋ, ಇನ್ನ ಪಲ್ಯಾ ಮಾಡ್ರಿ," ಎಂದು ಅತ್ತೆ ಒಳಗಿನಿಂದ ಕೂಗಿದರು.

ನನಗೆ ತೋಳು ಸೋಲುತ್ತಿತ್ತು, ಸೊಂಟ ಹಿಡಿಯುತ್ತಿತ್ತು. "ಇವತ್ತ ಸಾಕವಾ" ಎಂದರೆ "ಇನ್ನೊಮ್ಮೆ ಅವ್ವಾ" ಎನ್ನುವಳು. ಎಡಕ್ಕೆ ಒರಗಿದರೆ ಬಲಕ್ಕೆ ತಿರುಗುವಳು, ಬಲಕ್ಕೆ ಒರಗಿದರೆ ಎಡಕ್ಕೆ. ಒಂದು ಸಂಜೆ ಸಿಟ್ಟು ಬಂದು ಮೈಯೆಲ್ಲ ಕೂಡಿಸಿ ನೂಕಿದೆ. ಹುಡುಗಿ ಕದಲಲಿಲ್ಲ. ಎರಡನೆಯ ಕುಂಬಳಕಾಯಿ ಮೇಲೆಯೇ ಇತ್ತು, ಎರಡೂ ಕೈಯಲ್ಲಿ. ನಾನೇ ಜಾರಿ ಕುಳಿತುಬಿಟ್ಟೆ. ಇಬ್ಬರೂ ನಕ್ಕೆವು.

ಬಾದಾಮಿಗೆ ನಾನು ಹೋಗಲಿಲ್ಲ. ಅತ್ತೆಯವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ನಸುಕಿನಲ್ಲಿ ಪಟ್ಟಿ ಬಿಗಿದು ಕಟ್ಟಿ, ರೊಟ್ಟಿ ಚಟ್ನಿಪುಡಿ ಗಂಟು ಕೊಟ್ಟು ಬಸ್ಸು ಹತ್ತಿಸಿದೆ. ಆ ದಿನ ಹಿಟ್ಟು ನಾದುವಾಗಲೂ ಕಿವಿ ಬಾಗಿಲಲ್ಲೇ ಇತ್ತು. ಸಂಜೆ ಅಕ್ಕೋರೇ ಮಗಳನ್ನು ಮನೆಯ ತನಕ ಬಿಡಲು ಬಂದರು. ಅಂಗಿಯೆಲ್ಲ ಕೆಂಪು ಮಣ್ಣು, ಮೊಳಕಾಲು ತರಚಿತ್ತು.

"ಸೋತ್ವಿರಿ," ಎಂದರು ಅಕ್ಕೋರು.

"ಸೋತು ಬಂದು ಮತ್ತ ನಗ್ತೀರಲ್ಲ್ರಿ?" ಎಂದರು ಅತ್ತೆ.

"ನಗಬೇಕಾತ್ರಿ ಅಜ್ಜಿ. ಆ ಕಡೆಯಾಕಿ ಎಮ್ಮಿ ಇದ್ದಂಗ ಇದ್ಲು. ನೂಕೀ ನೂಕೀ ಆಕೀನ ದಣಿದು ಕುಂತ್ಲು. ನಿಮ್ಮ ಮೊಮ್ಮಗಳು ಜಾಗಾ ಬಿಡ್ಲಿಲ್ಲ, ಕೈನೂ ಇಳಸ್ಲಿಲ್ಲ. ಸೆಂಟರ್ ಇನ್ನ ಈಕೀನ."

ನಾನು ಮಗಳ ಕಂಕುಳಿಗೆ ಕೈ ಹಾಕಿ ನೋಡಿದೆ. ಬೆವರಿಗೆ ಬಟ್ಟೆ ತೊಯ್ದಿತ್ತು, ಒಳಗೆ ಲಿಂಗವಿತ್ತು.

"ಐತಿ ಬಿಡವ್ವಾ," ಎಂದು ಅವಳು ನೆಟ್ಟಗೆ ನಿಂತೇ ನಕ್ಕಳು. ಒಳಗೆ ಹೋಗುವಾಗ ಬಾಗಿಲ ಮೇಲಿನ ಚೌಕಟ್ಟು ಹಣೆಗೆ ಬಡಿಯಿತು. ಬಗ್ಗುವುದನ್ನೇ ಮರೆತಿದ್ದಳು.

ಶಿವ ಅಷ್ಟು ಕೊಟ್ಟನಲ್ಲ, ಸಾಕು ಎನಿಸಿತು. ಗೆಲುವನ್ನು ನಾನು ಬೇಡಿರಲೂ ಇಲ್ಲ. ಓಣಿಯ ನಳಕ್ಕೆ ನೀರು ಬಂದ ಸದ್ದಾಯಿತು. ಅಕ್ಕೋರಿಗೆ ಚಹಾ ಕೊಟ್ಟು, ಕೊಡ ಎತ್ತಿಕೊಂಡು ಪಾಳಿಗೆ ನಿಲ್ಲಲು ಹೋದೆ.