ವಂಶವಾಹಿ ಎಂದು ನಾನು ಬರೆಯುವುದಿಲ್ಲ

ನಾನು ಓದುತ್ತಿರುವುದು ಕುರಿಯ ಮಿದುಳನ್ನು. ಶ್ರೀರಂಗಪಟ್ಟಣದ ಮಾಂಸದಂಗಡಿಯಿಂದ ತಲೆಯನ್ನು ಮಂಜುಗಡ್ಡೆಯಲ್ಲಿಟ್ಟು ಮೈಸೂರಿನ ಪ್ರಯೋಗಾಲಯಕ್ಕೆ ಒಯ್ಯುತ್ತೇನೆ. ನೆನಪನ್ನು ಕಾಯುವ ಭಾಗ, ಹಸಿವನ್ನು ಆಳುವ ಭಾಗ, ನಡಿಗೆಯ ತೂಕ ಹಿಡಿಯುವ ಭಾಗ ಎಂದು ಬಿಡಿಸಿ, ಎಲ್ಲಿ ಯಾವ ಜೀನು ಎಚ್ಚರವಾಗಿದೆ, ಯಾವುದು ಸುಮ್ಮನಿದೆ ಎಂದು ಗುರುತಿಸುತ್ತೇನೆ. ಎಲ್ಲ ಭಾಗಗಳಲ್ಲೂ ಇರುವ ಜೀನುಗಳು ಅವೇ. ಯಾವುದು ಎಲ್ಲಿ ಕೆಲಸ ಮಾಡುತ್ತದೆ ಎಂಬುದಷ್ಟೇ ಬೇರೆ. ಜೀನಿಗೆ ನಮ್ಮ ಪಠ್ಯಪುಸ್ತಕ ಕೊಟ್ಟಿರುವ ಕನ್ನಡ ಪದ ವಂಶವಾಹಿ.

ಒಂದು ಭಾನುವಾರ ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ಇದ್ದುದು ಒಂದೇ ಪ್ರಶ್ನೆ. ಹತ್ತನೆಯ ತರಗತಿ ಮುಗಿಸಿದ ಅಣ್ಣನ ಮಗಳಿಗೆ ವಿಜ್ಞಾನ ಬೇಕಿತ್ತು. ಅಣ್ಣ ಬೇಡವೆಂದಿದ್ದ. ದಾಖಲಾತಿಗೆ ಮರುದಿನವೇ ಕೊನೆ. ಊಟದ ನಡುವೆ ಹುಡುಗಿ ನನ್ನ ಕೆಲಸದ ಬಗ್ಗೆ ಕೇಳಿದಳು. ಪುಸ್ತಕದ ಪದವನ್ನೇ ಬಳಸಿ ವಿವರಿಸಿದೆ.

“ವಂಶವಾಹಿ ಅಂದ್ಯಲ್ಲ, ಅಲ್ಲಿಗಾಯ್ತು ಬುಡು,” ಎಂದ ಅಣ್ಣ. “ವಂಶ ಹೊರೋನು ಗಂಡು. ಹೆಣ್ಣು ಇನ್ನೊಬ್ರ ಮನೆಗೆ ಓಯ್ತಾಳೆ. ಲೆಕ್ಕ ಮಾಡೋ ಭಾಗ ಅವ್ಳ ತಲೇಲಿ ಎಲ್ಲಿಂದ ಬತ್ತದೆ? ಭಾಗಭಾಗಕ್ಕೂ ಬೇರೆ ಅಂತ ನೀನೇ ಅಂದ್ಯಲ್ಲ.”

“ಅತ್ತೆ ಅಂಗನ್ಲಿಲ್ಲ ಕಣಪ್ಪ,” ಎಂದಳು ಹುಡುಗಿ.

“ನೀ ಸುಮ್ಕಿರು.”

ಇದನ್ನು ನಾನು ಅದರ ಹೆಸರಿನಿಂದಲೇ ಕರೆಯುತ್ತೇನೆ. ಹೆಣ್ಣುಮಗುವಿನ ಬಾಯಿ ಮುಚ್ಚಿಸುವುದು ಅನ್ಯಾಯ. ಅದಕ್ಕೆ ನನ್ನ ವಿಜ್ಞಾನದಿಂದ ಸಾಕ್ಷಿ ಹೇಳಿಸುವುದು ಇನ್ನೂ ದೊಡ್ಡ ಅನ್ಯಾಯ. ತಾಯಿಯಿಂದಲೂ ತಂದೆಯಿಂದಲೂ ಬರುವ ಜೀನಿಗೆ ವಂಶದ ಪಟ್ಟ ಕಟ್ಟಿ, ವಂಶವೆಂದರೆ ಗಂಡುಮಕ್ಕಳೇ ಎನ್ನುವ ನಾಡಿನ ಮಕ್ಕಳ ಕೈಗೆ ಕೊಟ್ಟದ್ದೂ ಅನ್ಯಾಯವೇ.

ಕೊಟ್ಟಿಗೆಯಲ್ಲಿ, ಅಣ್ಣ ಸಿಂಧಘಟ್ಟದಿಂದ ಹೊಸದಾಗಿ ತಂದಿದ್ದ ಹೆಣ್ಣುಕರು ಕೂಗಿತು.

“ಅದನ್ನ ಕೊಳ್ಳೋವಾಗ ಮೊದ್ಲು ಏನು ಕೇಳ್ದೆ?” ಎಂದೆ.

“ಅದ್ರವ್ವ ಎಷ್ಟು ಹಾಲು ಕರೀತಿತ್ತು ಅಂತ. ಎಲ್ರೂ ಕೇಳಾದೇ ಅದು.”

“ಹೋರಿಯ ವಂಶ ಕೇಳ್ಲಿಲ್ವಾ?”

ಮುದ್ದೆ ಮುರಿಯುತ್ತಿದ್ದ ಅವ್ವ ನಕ್ಕುಬಿಟ್ಟಳು. “ಕರುಗೆ ಅವ್ವನ ಕಡೆಯಿಂದ ಬತ್ತದಂತೆ, ಮಗಳಿಗೆ ಬರಕ್ಕಿಲ್ವಂತೆ. ಯಾವೂರ ನ್ಯಾಯ ಕಣ್ಲಾ ನಿಂದು?”

“ನಿನ್ ಕುರಿತಲೆ ನೀನೇ ಇಟ್ಕೊ,” ಎಂದು ನನಗೆ ಹೇಳಿ ಅಣ್ಣ ಕೈ ತೊಳೆಯಲು ಎದ್ದ. ಒಪ್ಪಿದೆನೆಂದು ಅವನು ಇಂದಿಗೂ ಹೇಳಿಲ್ಲ. ಆದರೆ ಬೆಳಿಗ್ಗೆ ಬೈಕು ಹೊರತೆಗೆದು, ಮಗಳ ಮುಖ ನೋಡದೆ, “ಕೂತ್ಕೊ, ಕಾಲೇಜು ಬಾಗ್ಲಾಕ್ಬುಟ್ಟಾರು,” ಎಂದ. ಪಾಂಡವಪುರದಲ್ಲಿ ಅವಳು ವಿಜ್ಞಾನಕ್ಕೆ ಸೇರಿದಳು.

ನನ್ನ ಪ್ರಬಂಧದ ಕನ್ನಡ ಸಾರಾಂಶದಲ್ಲಿ ಜೀನು ಎಂದೇ ಬರೆದೆ. ಅದನ್ನು ಪರಿಶೀಲಿಸಿದ ಹಿರಿಯರು ಪ್ರತಿ ಸಾಲಿನಲ್ಲೂ ಹೊಡೆದುಹಾಕಿ ವಂಶವಾಹಿ ಎಂದು ತಿದ್ದಿದರು.

“ನಿಘಂಟಿನ ಪದ ಬಿಡಬಾರದಮ್ಮ. ಜೀನು ಎಂದರೆ ಕುದುರೆಯ ಬೆನ್ನಿಗೆ ಹಾಕುವುದು.”

“ಹಾಕಲಿ ಸಾರ್, ಹತ್ತಿ ಕೂರಲು ನಮಗೂ ಬರುತ್ತದೆ,” ಎಂದೆ.

ಪದವನ್ನು ಬದಲಿಸಲಿಲ್ಲ.