ಮೊದಲು ನಿನ್ನ ಮುಖ ಬರಿ

ಬಾಗಿಲು ತೆರೆಯಿತು, ಚಿಲಕದ ಸರಪಳಿ ಮಾತ್ರ ಬಿಚ್ಚಲಿಲ್ಲ. ಸಂದಿಯಿಂದ ಮದರ್ ಮಂಗಿನ್ ಅವರ ಒಂದು ಕಣ್ಣು ಮೊದಲು ವರ್ಡೆಲ್ ಗ್ಯಾಡ್ಸ್‌ಡೆನ್‌ಳ ಕೈಗಳನ್ನು ನೋಡಿತು.

"ಬ್ರಷ್ ತಂದಿದ್ದೀಯಾ?"

"ಇಲ್ಲ ಮದರ್. ಸಿಹಿಗೆಣಸಿನ ಪೈ ತಂದಿದ್ದೀನಿ."

"ಪೈ ಒಳಗೆ ಬರ್ಲಿ. ನೀನು ಅಲ್ಲೇ ನಿಲ್ಲು."

ಸವಾನಾ ಪಟ್ಟಣದಲ್ಲಿ ಕಪ್ಪು ಜನರು ವಾಸಿಸುವ ಅದೇ ಬೀದಿಯಲ್ಲಿ ಹುಟ್ಟಿದ ವರ್ಡೆಲ್, ಅಲ್ಲಿನ ಶಾಲೆಯಲ್ಲಿಯೇ ಚಿತ್ರಕಲೆ ಕಲಿಸುತ್ತಿದ್ದಳು. ತಮ್ಮವರ ಮೈಬಣ್ಣಕ್ಕೆಂದು ಮಕ್ಕಳು ಕಪ್ಪು ಟ್ಯೂಬಿಗೆ ಕೈಹಾಕಿದರೆ ಕಿತ್ತುಕೊಂಡು, "ನಿಮ್ಮಜ್ಜಿ ಕೆನ್ನೇಲಿ ಕೆಂಪಿದೆ, ನೀಲಿ ಇದೆ. ಹೋಗಿ ನೋಡ್ಕೊಂಡು ಬನ್ನಿ" ಎಂದು ಮನೆಗೆ ಅಟ್ಟುವುದು ಅವಳ ಪಾಠದ ಕ್ರಮ. ಪಟ್ಟಣದ ದೊಡ್ಡ ಕಟ್ಟಡಗಳಲ್ಲಿ ತೂಗುವ ಚಿತ್ರಗಳಲ್ಲಿ ಆ ಮಕ್ಕಳು ತಮ್ಮ ಅಜ್ಜಿಯರಂಥವರನ್ನು ಕಂಡವರಲ್ಲ. ಆದುದರಿಂದಲೇ ಅವಳು ಚರ್ಚಿನ ಊಟದ ಕೋಣೆಯ ಗೋಡೆಯನ್ನು ಬೇಡಿ ಪಡೆದಿದ್ದಳು. ಅಲ್ಲಿ ಎಲ್ಲರೂ 'ಮದರ್' ಎಂದು ಕರೆಯುವ ಚರ್ಚಿನ ಹಿರಿಯ ತಾಯಂದಿರ ಚಿತ್ರಗಳ ಸಾಲು ತೂಗಬೇಕು. ಆದರೆ ಎಲ್ಲರಿಗೂ ಹಿರಿಯರಾದ ಮದರ್ ಮಂಗಿನ್ ಚಿತ್ರಕ್ಕೆ ಕೂರದೆ ಉಳಿದವರು ಕೂರುವಂತಿರಲಿಲ್ಲ.

ತಪ್ಪು ವರ್ಡೆಲ್‌ಳದೇ. ಹಿಂದಿನ ಚಳಿಗಾಲದಲ್ಲಿ ಅವಳು ಚರ್ಚಿನ ಮುಖಂಡರಾದ ಡೀಕನ್ ಫ್ರೇಜರರ ಚಿತ್ರ ಬರೆದಳು. ಬಣ್ಣ ಒಣಗುವ ಮೊದಲೇ ಅವರು ತೀರಿಕೊಂಡರು. ಮನೆಯವರು ಕೇಳಿದಾಗ ಹೆಮ್ಮೆಯಿಂದ ಅದನ್ನು ತಂದು, ಶವಪೆಟ್ಟಿಗೆಯ ಪಕ್ಕ ಬಿಳಿ ಲಿಲ್ಲಿ ಹೂಗಳ ನಡುವೆ ತಾನೇ ನಿಲ್ಲಿಸಿದಳು. ಚರ್ಚಿನ ಹಾಡುಗಾರ್ತಿ ಒಜೆಲ್ಲಾಳ ಚಿತ್ರ ಮುಗಿದಾಗಲೂ ಹಾಗೆಯೇ ಆಯಿತು. ಅಂದಿನಿಂದ ಪ್ರಾರ್ಥನೆಯ ನಡುವೆ ಅವಳು ಯಾರನ್ನಾದರೂ ದಿಟ್ಟಿಸಿದರೆ ಟೋಪಿಯ ಅಂಚು ಕೆಳಗಿಳಿಯುತ್ತಿತ್ತು, ಬೀಸಣಿಗೆ ಮೇಲೇರುತ್ತಿತ್ತು.

"ಅವರಿಬ್ಬರಿಗೂ ವಯಸ್ಸಾಗಿತ್ತು ಮದರ್," ಎಂದಳು ವರ್ಡೆಲ್ ಬಾಗಿಲ ಸಂದಿಗೆ.

"ನಂಗೇನು ಹದಿನಾರಾ? ಶವಪೆಟ್ಟಿಗೆ ಮಾಡೋನೂ ನಿನ್ನ ಹಾಗೇ ತಲೆ ಓರೆ ಮಾಡಿ ನೋಡ್ತಾನೆ." ಕಣ್ಣು ಕಿರಿದಾಯಿತು. "ಊರೋರನ್ನೆಲ್ಲ ಬರ್ದಿದ್ದೀಯಲ್ಲ ಟೀಚರಮ್ಮ, ನಿನ್ನ ಚಿತ್ರ ಎಲ್ಲಿ?"

"ಪುರುಸೊತ್ತಾಗಿಲ್ಲ."

"ಸುಳ್ಳು ಹೇಳ್ಬೇಡ. ಮೊದಲು ನಿನ್ನ ಮುಖ ಬರಿ, ಗೋಡೆಗೆ ಹಾಕು. ನೀನು ಉಳಿದ್ರೆ ಮಾತಾಡೋಣ."

ಬಾಗಿಲು ಮುಚ್ಚಿತು.

ಮೂಢನಂಬಿಕೆ ಎಂದು ವರ್ಡೆಲ್ ದಾರಿಯುದ್ದಕ್ಕೂ ನಕ್ಕಳು. ಆದರೆ ತರಗತಿಯ ಕನ್ನಡಿಯ ಮುಂದೆ ಕುಳಿತು ಕೆನ್ನೆಗೆ ಇಟ್ಟಿಗೆಗೆಂಪು, ಗಂಟಲಿಗೆ ಕಡುನೀಲಿ ಹಚ್ಚಿ ಕಣ್ಣುಗಳ ಬಳಿ ಬಂದಾಗ ಕೈ ನಿಂತಿತು. ಒಜೆಲ್ಲಾಳ ಕಣ್ಣುಗಳನ್ನೂ ಕೊನೆಗೇ ಬರೆದಿದ್ದಳು. ಎಡಭುಜದ ನೋವು ಹಳೆಯದೋ ಹೊಸದೋ ಎಂಬ ಗುಮಾನಿ ಹುಟ್ಟಿತು. ಇಷ್ಟು ದಿನ ತನಗೆ ಪುರುಸೊತ್ತಾಗದಿದ್ದುದು ಈ ಹೆದರಿಕೆಗೇ ಎಂದು ಆಗ ಅವಳಿಗೆ ತಿಳಿಯಿತು. ಒಂದು ಕಣ್ಣು ಬರೆದಳು. ಸ್ವಲ್ಪ ಕಾದಳು. ಇನ್ನೊಂದನ್ನೂ ಬರೆದಳು.

ಭಾನುವಾರ ಚಿತ್ರ ಗೋಡೆಗೇರಿತು. ಮುಂದಿನ ಭಾನುವಾರ ಮದರ್ ಮಂಗಿನ್ ಊಟದ ತಟ್ಟೆಯನ್ನು ಪಕ್ಕಕ್ಕಿಟ್ಟು ಚಿತ್ರವನ್ನು ನೋಡಿದರು, ಆಮೇಲೆ ಅವಳನ್ನು. ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ಓಡ್ತಾ ಇದೆ. ಆದ್ರೂ ಇನ್ನೊಂದು ಭಾನುವಾರ ಕಳೀಲಿ."

"ಆಗ್ಲಿ ಮದರ್."

ನಾಲ್ಕು ಹೆಜ್ಜೆ ನಡೆದವರು ತಿರುಗಿ ನಿಂತರು. "ಚಿತ್ರಕ್ಕೆ ಬಿಳಿ ಟೋಪಿನೋ, ಗರಿ ಇರೋ ನೇರಳೆದೋ? ಲಿಲ್ಲಿ ಹೂವಿನ ಬಣ್ಣ ಬೇಡ ನಂಗೆ."